ಎಡಿಟರ್ ಆರಿಸಿದವರು ಯಾರು?

ಹೈದರಾಬಾದಿನ ಎಂಎಂಟಿಎಸ್ ಲೋಕಲ್ ರೈಲು 2003ರ ಆಗಸ್ಟ್‌ನಲ್ಲಿ ಓಡಲು ಶುರುವಾದಾಗ ಪಶ್ಚಿಮಕ್ಕೆ ಅದರ ಕೊನೆಯ ನಿಲ್ದಾಣ ಲಿಂಗಂಪಲ್ಲಿ. ಲೋಕಲ್ ಹೊಸದಾದರೂ ಹಳಿ ಹೊಸದಲ್ಲ. 1874ರಲ್ಲಿ ನಿಜಾಮರ ರೈಲ್ವೆ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ದಾರಿಯೇ ಇದು. ಲಿಂಗಂಪಲ್ಲಿ ಬಿಟ್ಟು ಮುಂದೆ ಹೋದರೆ ವಿಕಾರಾಬಾದ್, ತಾಂಡೂರು, ಆಮೇಲೆ ಗಡಿ ದಾಟಿ ಸೇಡಂ, ಮಳಖೇಡ, ಚಿತ್ತಾಪುರ, ವಾಡಿ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡವೂ ಹೈಟೆಕ್ ಸಿಟಿಯೂ ಒಂದೇ ಹಳಿಯ ಮೇಲಿವೆ ಎಂಬುದು ರೈಲ್ವೆ ಟೈಮ್‌ಟೇಬಲ್ ತಿರುವಿದವರಿಗಷ್ಟೇ ಹೊಳೆಯುವ ಸಂಗತಿ. ಕಲಬುರಗಿ, ಬೀದರ್ ಕಡೆಯವರಿಗೆ ಬೆಂಗಳೂರೆಂದರೆ ಒಂದು ರಾತ್ರಿಯ ಪ್ರಯಾಣ. ಹೈದರಾಬಾದಾದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ತಲುಪುವ ಊರು. ಇಂಜಿನಿಯರಿಂಗ್ ಮುಗಿಸಿ ಬ್ಯಾಗು ಹೆಗಲಿಗೇರಿಸಿದ ಆ ಸೀಮೆಯ ಹುಡುಗ ಹುಡುಗಿಯರು ಲಿಂಗಂಪಲ್ಲಿಯ ಪಿಜಿಗಳಲ್ಲಿ ಸಿಕ್ಕರೆ ಆಶ್ಚರ್ಯವೇನಿಲ್ಲ.

ಹೊಸ ಲ್ಯಾಪ್‌ಟಾಪ್ ಬಿಚ್ಚಿಟ್ಟು ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಯಾವ ಎಡಿಟರ್ ಹಾಕ್ಕೋಬೇಕ್ರೀ ಅಣ್ಣಾ?" ಉತ್ತರವೂ ಒಂದೇ: "ವಿಎಸ್ ಕೋಡ್ ಹಾಕ್ಕೋ, ಎಲ್ಲಾರೂ ಅದನ್ನೇ ಹಾಕ್ಕೊಂಡಾರ." ಪ್ರಶ್ನೆ ಕೇಳಿದವನಿಗೆ ತಾನು ಆರಿಸಿಕೊಂಡೆ ಅನ್ನಿಸುತ್ತದೆ. ಲಿಂಗಂಪಲ್ಲಿಯಿಂದ ಗಚ್ಚಿಬೌಲಿಗೆ ಬರುವ ಹಳೇ ಬಾಂಬೆ ಹೆದ್ದಾರಿಯ ಅಕ್ಕಪಕ್ಕದಲ್ಲಿ ಐವತ್ತು ವರ್ಷ ನಡೆದ ಕೆಲಸವನ್ನು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಪ್ರೋಗ್ರಾಮ್ ಬರೆಯುವವನಿಗೆ ಎಡಿಟರ್, ಅಂದರೆ ಕೋಡ್ ಬರೆದು ತಿದ್ದುವ ತಂತ್ರಾಂಶ, ಆರಿಸಿಕೊಟ್ಟದ್ದು ಒಮ್ಮೆ ಯಂತ್ರ, ಒಮ್ಮೆ ಅಮೆರಿಕದ ಗಿರಾಕಿ, ಒಮ್ಮೆ ಪಠ್ಯಪುಸ್ತಕ, ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್. ಬರೆಯುವವನ ಸರದಿ ಬಂದದ್ದು ತೀರ ತಡವಾಗಿ.

ಕಥೆ ಶುರುವಾಗುವುದು ಎಡಿಟರ್ ಎಂಬುದೇ ಇಲ್ಲದ ಕಾಲದಿಂದ, ಅದೂ ಊರಿನ ಇನ್ನೊಂದು ಮೂಲೆಯಿಂದ. ಹೈದರಾಬಾದಿನ ಈಶಾನ್ಯಕ್ಕೆ 1967ರಲ್ಲಿ ಸರಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಹುಟ್ಟಿತು. ಎರಡೇ ವರ್ಷದಲ್ಲಿ, 1969ರಲ್ಲಿ, ಟಿಡಿಸಿ-12 ಬಂತು. ಟಿಡಿಸಿ ಎಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ವಿನ್ಯಾಸ ಮುಂಬಯಿಯ ಪರಮಾಣು ಕೇಂದ್ರದ್ದು. ಆ ಕಾಲದ ಸಣ್ಣ ಯಂತ್ರಗಳಿಗೆ ಪ್ರೋಗ್ರಾಮ್ ಉಣಿಸುತ್ತಿದ್ದದ್ದು ತೂತು ಕೊರೆದ ಕಾಗದದ ಪಟ್ಟಿಯಿಂದ. ತಪ್ಪಾದರೆ ಆ ತುಂಡನ್ನು ಕತ್ತರಿಸಿ, ಸರಿಯಾದದ್ದನ್ನು ಅಂಟಿಸಬೇಕು. ದೊಡ್ಡ ಯಂತ್ರಗಳಿಗೆ ಪಂಚ್ ಕಾರ್ಡು. ಒಂದು ಕಾರ್ಡಿಗೆ 80 ಕಾಲಮ್, ಒಂದು ಕಾರ್ಡೆಂದರೆ ಒಂದು ಸಾಲು. ಫೋರ್ಟ್ರಾನ್ ಬರೆಯುವವರಿಗೆ ಮೊದಲ ಐದು ಕಾಲಮ್ ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂಬ ಗುರುತಿಗೆ, ಏಳರಿಂದ 72ರವರೆಗೆ ನಿಜವಾದ ಬರವಣಿಗೆ. ಉಳಿದ ಎಂಟು ಕಾಲಮ್‌ಗಳಲ್ಲಿ ಕಾರ್ಡಿನ ಕ್ರಮಸಂಖ್ಯೆ. ಅದು ಯಾಕೆಂದರೆ ಕಟ್ಟು ಕೈಜಾರಿ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾದರೆ ಮತ್ತೆ ಜೋಡಿಸಬೇಕಲ್ಲ!

ಬರೆಯುವವನು ಕೋಡಿಂಗ್ ಶೀಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ಕೊಡುತ್ತಿದ್ದ. ತೂತು ಹೊಡೆಯುತ್ತಿದ್ದದ್ದು ಪಂಚ್ ಆಪರೇಟರ್. ಉತ್ತರ ಸಿಗುತ್ತಿದ್ದದ್ದು ಮರುದಿನ. ಒಂದು ಅಲ್ಪವಿರಾಮ ಬಿಟ್ಟುಹೋದರೆ ಇನ್ನೊಂದು ದಿನ ಹೋಯಿತು. ಕಾರ್ಡುಗಳು ಮೂಲೆ ಸೇರಿ ದಶಕಗಳಾದರೂ 80ರ ಲೆಕ್ಕ ಮಾತ್ರ ಹೋಗಲಿಲ್ಲ. ಪೈಥಾನ್ ಭಾಷೆಯ ಅಧಿಕೃತ ಶೈಲಿಸೂತ್ರ ಇವತ್ತಿಗೂ ಒಂದು ಸಾಲು 79 ಅಕ್ಷರ ಮೀರಬಾರದು ಎನ್ನುತ್ತದೆ.

ಕೂತಲ್ಲೇ ತಿದ್ದುವ ಕಾಲ ಬಂದಾಗಲೂ ಮೇಜಿನ ಮೇಲಿದ್ದ ಯಂತ್ರವೇ ಯಜಮಾನ. ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸ್‌ಗಾಗಿ ಬರೆದ 'ಇಡಿ' ಎಂಬ ಎಡಿಟರ್ ತೀರ ಮಿತಭಾಷಿ. ಏನು ತಪ್ಪು ಮಾಡಿದರೂ ಅದರ ಉತ್ತರ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಆಗಿನ ಟೆಲಿಟೈಪ್ ಪ್ರತಿ ಅಕ್ಷರವನ್ನೂ ಕಾಗದದ ಮೇಲೆ ಕುಟ್ಟಬೇಕಿತ್ತು, ಮಾತು ಕಡಿಮೆಯಾದಷ್ಟೂ ಒಳ್ಳೆಯದು. ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರ ಹೊತ್ತಿಗೆ ಶುರುಮಾಡಿದ ಕೆಲಸ 'ವಿಐ' ಆಯಿತು. ಅವನು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳಿಗೆ ಬೇರೆ ಕೀಲಿಗಳೇ ಇರಲಿಲ್ಲ, ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಅವನ್ನು ಬರೆದಿತ್ತು. ಎಸ್ಕೇಪ್ ಕೀಲಿ ಇದ್ದದ್ದು ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ನೇರ ಸಿಗುವಂತೆ. ಗಚ್ಚಿಬೌಲಿಯ ಯಾವುದೋ ಕಚೇರಿಯಲ್ಲಿ ಸರ್ವರ್ ರಿಪೇರಿಗೆ ಕೂತ ಹುಡುಗಿ ಇವತ್ತು ಜೆ ಒತ್ತಿ ಕೆಳಗಿಳಿಯುವುದು, ಎಸ್ಕೇಪಿಗೆಂದು ಕೈ ಚಾಚುವುದು, ಎರಡೂ ಆ ಸತ್ತುಹೋದ ಟರ್ಮಿನಲ್ಲಿನ ಉಳಿಕೆ. ಅದೇ 1976ರಲ್ಲಿ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರು ಎಮ್ಯಾಕ್ಸ್ ಕಟ್ಟಿದರು. ಅಲ್ಲಿನ ಕೀಲಿಮಣೆಗಳೇ ಬೇರೆ, ಹಾಗಾಗಿ ಬೆರಳಿನ ವ್ಯಾಯಾಮವೂ ಬೇರೆ. ವಿಐ ದೊಡ್ಡದೋ ಎಮ್ಯಾಕ್ಸ್ ದೊಡ್ಡದೋ ಎಂದು ಆಮೇಲೆ ನಾಲ್ಕು ದಶಕ ನಡೆದ ಜಗಳದ ಬುಡದಲ್ಲಿ ಇದ್ದದ್ದು ಎರಡು ಊರಿನ ಎರಡು ನಮೂನೆಯ ಕೀಲಿಮಣೆ. ತತ್ತ್ವ, ಸಿದ್ಧಾಂತ ಎಲ್ಲ ಆಮೇಲೆ ಸೇರಿಸಿಕೊಂಡದ್ದು ಎಂದರೆ ಎರಡೂ ಪಕ್ಷದವರು ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ.

ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಯಿತು. ಅದು ಬಿಟ್ಟುಹೋದ ಯಂತ್ರಗಳ ಉಸ್ತುವಾರಿ ಸರಕಾರಿ ಸಂಸ್ಥೆ ಸಿಎಂಸಿಯ ಪಾಲಿಗೆ ಬಂತು. ಮುಂದೆ ಇದೇ ಹಳೇ ಬಾಂಬೆ ಹೆದ್ದಾರಿಯ ಮೇಲೆ, ಗಚ್ಚಿಬೌಲಿಯಲ್ಲಿ, ತನ್ನದೇ ಕ್ಯಾಂಪಸ್ ಕಟ್ಟಿಕೊಂಡ ಸಂಸ್ಥೆ ಅದು. ರೈಲ್ವೆಯ ಮೊದಲ ಗಣಕೀಕೃತ ರಿಸರ್ವೇಶನ್ ವ್ಯವಸ್ಥೆ 'ಇಂಪ್ರೆಸ್' ಸಿಎಂಸಿಯದೇ ಕೆಲಸ. 1985-86ರಲ್ಲಿ ದೆಹಲಿಯಲ್ಲಿ ಶುರುವಾಗಿ ದೇಶದ ಕೌಂಟರುಗಳ ಸ್ವರೂಪವನ್ನೇ ಬದಲಿಸಿತು. ಅದು ನಡೆದದ್ದು ಡಿಇಸಿ ಕಂಪನಿಯ ವ್ಯಾಕ್ಸ್ ಯಂತ್ರಗಳ ಮೇಲೆ. ವ್ಯಾಕ್ಸ್ ಕೊಂಡರೆ ಅದರ ಜೊತೆ ಬರುತ್ತಿದ್ದ ಎಡಿಟರ್ 'ಇಡಿಟಿ'. ಕೀಲಿಮಣೆಯ ಬಲಗಡೆ ಅಂಕಿಗಳಿರುವ ಭಾಗವೇ ಅದರ ಹಿಡಿಕೆ: ಮೂಲೆಯ ಪಿಎಫ್1 ಕೀಲಿಗೆ 'ಗೋಲ್ಡ್' ಎಂದು ಹೆಸರು, ಅದನ್ನೊತ್ತಿ ಇನ್ನೊಂದನ್ನು ಒತ್ತಿದರೆ ಎರಡನೆಯ ಅರ್ಥ. ವ್ಯಾಕ್ಸ್ ಮುಂದೆ ಕೂತವನಿಗೆ ವಿಐ ಬೇಕೋ ಎಮ್ಯಾಕ್ಸ್ ಬೇಕೋ ಎಂದು ಯಾರೂ ಕೇಳಲು ಬರುತ್ತಿರಲಿಲ್ಲ. ಯಂತ್ರದ ಪೆಟ್ಟಿಗೆಯಲ್ಲಿ ಏನಿತ್ತೋ ಅದು.

ಹೆದ್ದಾರಿಯಲ್ಲಿ ಇನ್ನೂ ಲಿಂಗಂಪಲ್ಲಿಯ ಕಡೆ ಸರಿದರೆ ಹೈದರಾಬಾದ್ ವಿಶ್ವವಿದ್ಯಾಲಯದ ಗೇಟು. 1974ರಲ್ಲಿ ಸ್ಥಾಪನೆಯಾದ ಈ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 1990ರ ದಶಕದಲ್ಲಿ ಐಐಟಿ ಕಾನ್ಪುರದಿಂದ ಒಂದು ಯೋಜನೆ ಸ್ಥಳಾಂತರವಾಗಿ ಬಂತು. ಹೆಸರು 'ಅನುಸಾರಕ'. ರಾಜೀವ್ ಸಂಗಲ್, ವಿನೀತ್ ಚೈತನ್ಯ ಮತ್ತು ಬಳಗದವರು ಪಾಣಿನಿಯ ವ್ಯಾಕರಣವನ್ನು ಆಧಾರವಾಗಿಟ್ಟುಕೊಂಡು, ಒಂದು ಭಾರತೀಯ ಭಾಷೆಯ ಪಠ್ಯವನ್ನು ಇನ್ನೊಂದು ಭಾಷೆಯವರು ಓದಲು ನೆರವಾಗುವ ತಂತ್ರಾಂಶ ಕಟ್ಟುತ್ತಿದ್ದರು. ತೆಲುಗು, ಕನ್ನಡ, ಮರಾಠಿ, ಬಂಗಾಳಿ, ಪಂಜಾಬಿಯಿಂದ ಹಿಂದಿಗೆ. ಕನ್ನಡ-ಹಿಂದಿ ಜೋಡಿ ಕಾನ್ಪುರದ ದಿನಗಳಿಂದಲೇ ಇತ್ತು. ಬಳಗದ ಬರಹಗಳಲ್ಲಿ 'ಅಕ್ಷರ ಭಾರತಿ' ಎಂಬ ಲೇಖಕರ ಹೆಸರು ಸದಾ ಮೊದಲು ಬರುತ್ತದೆ. ಆ ಹೆಸರಿನ ವ್ಯಕ್ತಿ ಯಾರೂ ಇಲ್ಲ. ಇಡೀ ಗುಂಪೇ ಅವನು.

ಅವರ ಮುಂದೆ ಇದ್ದ ತೊಡಕು ಇಷ್ಟು: ಯುನಿಕ್ಸ್ ಯಂತ್ರದ ಎಡಿಟರಿಗೆ ಇಂಗ್ಲಿಷ್ ಅಕ್ಷರವಷ್ಟೇ ಗೊತ್ತು. ಕನ್ನಡದ ನಿಘಂಟು, ವಿಭಕ್ತಿ ಪಟ್ಟಿ, ಕ್ರಿಯಾಪದದ ಕೋಷ್ಟಕ ಎಲ್ಲವನ್ನೂ ಸಾವಿರಾರು ಸಾಲುಗಳಲ್ಲಿ ತುಂಬಬೇಕು, ತಿದ್ದಬೇಕು, ಹುಡುಕಬೇಕು. ಕನ್ನಡಕ್ಕೆ ತಕ್ಕ ಎಡಿಟರ್ ಬರಲಿ ಎಂದು ಕಾದು ಕೂರುವ ಬದಲು ಕನ್ನಡವನ್ನೇ ಎಡಿಟರಿಗೆ ಒಗ್ಗುವಂತೆ ಬರೆದರು. 'ಡಬ್ಲ್ಯುಎಕ್ಸ್' ಎಂಬ ಲಿಪ್ಯಂತರ ಪದ್ಧತಿ ಅದು. ನಿಯಮ ಸರಳ: ಒಂದು ಧ್ವನಿಗೆ ಆದಷ್ಟೂ ಒಂದೇ ರೋಮನ್ ಅಕ್ಷರ. ದೀರ್ಘಕ್ಕೆ, ಮಹಾಪ್ರಾಣಕ್ಕೆ ಕ್ಯಾಪಿಟಲ್. ಟ, ಡಗಳು ಟಿ, ಡಿಗಳನ್ನು ತೆಗೆದುಕೊಂಡ ಮೇಲೆ ತ, ದಗಳಿಗೆ ಏನು ಮಾಡುವುದು? ಕೆಲಸವಿಲ್ಲದೆ ಕೂತಿದ್ದ ಡಬ್ಲ್ಯು ಮತ್ತು ಎಕ್ಸ್ ಅನ್ನು ಅವಕ್ಕೆ ಕೊಟ್ಟರು. ಪದ್ಧತಿಯ ಹೆಸರೂ ಅಲ್ಲಿಂದಲೇ ಬಂತು. 'ಮಾತು' ಎಂಬುದನ್ನು ಎಂ, ಕ್ಯಾಪಿಟಲ್ ಎ, ಡಬ್ಲ್ಯು, ಯು ಎಂದು ಕುಟ್ಟಬೇಕು. 'ದಾರಿ' ಎಂದರೆ ಎಕ್ಸ್, ಕ್ಯಾಪಿಟಲ್ ಎ, ಆರ್, ಐ. ಹೊಸಬನ ಕಣ್ಣಿಗೆ ಇದು ಪಾಸ್‌ವರ್ಡಿನಂತೆ ಕಾಣುತ್ತದೆ. ಹಳಬರು ದಿನಪತ್ರಿಕೆ ಓದಿದಷ್ಟು ಸಲೀಸಾಗಿ ಓದುತ್ತಾರೆ.

ಈ ಒಂದು ಉಪಾಯದಿಂದ ವಿಐ, ಎಮ್ಯಾಕ್ಸ್ ಮಾತ್ರವಲ್ಲ, ಯುನಿಕ್ಸಿನ ಹುಡುಕುವ, ವಿಂಗಡಿಸುವ, ಬದಲಿಸುವ ಸಲಕರಣೆಗಳೆಲ್ಲ ಕನ್ನಡಕ್ಕೆ ದುಡಿಯಲು ಬಂದವು. 'ಅಲ್ಲಿ' ಎಂದು ಕೊನೆಯಾಗುವ ಪದಗಳನ್ನೆಲ್ಲ ತೆಗೆ ಎಂದರೆ ಒಂದು ಸಾಲಿನ ಆಜ್ಞೆ ಸಾಕು. ಲಿಪಿಯಲ್ಲಿ ಗುಣಿತದೊಳಗೆ ಅಡಗಿ ಕೂರುವ ಸ್ವರ ಇಲ್ಲಿ ಬಿಡಿಯಾಗಿ ಕಣ್ಣಿಗೆ ಬೀಳುತ್ತದೆ, ಸಂಧಿ ಬಿಡಿಸುವವನಿಗೆ ಇದಕ್ಕಿಂತ ಬೇರೇನು ಬೇಕು? 1998ರಲ್ಲಿ ಪಕ್ಕದಲ್ಲೇ ಶುರುವಾದ ಐಐಐಟಿಗೆ ಈ ಬಳಗದ ಕೆಲಸವೂ ಹೋಯಿತು, ಜೊತೆಗೆ ಡಬ್ಲ್ಯುಎಕ್ಸ್ ಕೂಡ. ಯುನಿಕೋಡ್ ಎಲ್ಲೆಡೆ ಹಬ್ಬಿದ ಮೇಲೂ ಭಾಷಾ ಸಂಶೋಧನೆಯ ಕಡತಗಳಲ್ಲಿ ಅದು ಉಳಿದುಕೊಂಡಿತು.

ಇತ್ತ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಕೇಂದ್ರ ಸರಕಾರದ ನೆರವಿನಿಂದ ತೆಲುಗಿಗೊಂದು ಭಾಷಾ ತಂತ್ರಜ್ಞಾನ ಸಂಪನ್ಮೂಲ ಕೇಂದ್ರ ಆರಂಭವಾಯಿತು. ಕನ್ನಡದ ಪಾಲಿನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿತ್ತು. ಆದರೂ ಗಚ್ಚಿಬೌಲಿಯ ಕೆಲಸದಲ್ಲಿ ಕನ್ನಡ ದೂರವಿರಲಿಲ್ಲ. ಅಲ್ಲಿನ ಕೆ. ನಾರಾಯಣ ಮೂರ್ತಿ ಕನ್ನಡ, ತೆಲುಗು ಎರಡರ ಪದರೂಪ ವಿಶ್ಲೇಷಣೆಯಲ್ಲೂ ತೊಡಗಿದ್ದವರು. ಆ ಕೇಂದ್ರದಿಂದ ಹೊರಬಂದ ತಂತ್ರಾಂಶಗಳಲ್ಲಿ ಮುದ್ರಿತ ಪುಟ ಓದುವ 'ದೃಷ್ಟಿ' ಇತ್ತು, ಕಾಗುಣಿತ ತಿದ್ದುವ 'ತೆಲ್-ಸ್ಪೆಲ್' ಇತ್ತು, 'ಅಕ್ಷರ' ಎಂಬ ಬಹುಭಾಷಾ ಪಠ್ಯ ಸಂಸ್ಕರಣೆಯ ಸಲಕರಣೆಯೂ ಇತ್ತು. ಲಿಂಗಂಪಲ್ಲಿಯಿಂದ ಕೂಗಳತೆಯಲ್ಲಿ ಹುಟ್ಟಿದ ಎಡಿಟರ್ ಎಂದು ಬೆರಳು ಮಾಡಿ ತೋರಿಸುವಂಥದ್ದು ಇದೊಂದೇ ಇರಬೇಕು. ಅದರ ಹೆಸರು ಇಂದು ಹೈಟೆಕ್ ಸಿಟಿಯಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳುವುದು ಬೇಡ.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ಇನ್ನೊಂದು ದಾರಿ ಸಾಗಿತ್ತು. ಪುಣೆಯ ಸಿ-ಡ್ಯಾಕ್ 'ಜಿಸ್ಟ್' ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ಗಳಂಥ ಡಾಸ್ ತಂತ್ರಾಂಶಗಳೇ ಕನ್ನಡ ತೋರಿಸುತ್ತಿದ್ದವು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್, ಕನ್ನಡಕ್ಕೊಂದು ಸರಳ ಕೀಲಿಮಣೆ ವಿನ್ಯಾಸ ಮಾಡಿ 'ಸೇಡಿಯಾಪು' ತಂತ್ರಾಂಶದೊಂದಿಗೆ ಪುಕ್ಕಟೆ ಹಂಚಿದರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ರಾವ್ ಅವರ ವಿನ್ಯಾಸವೇ ಸರಕಾರದ ಮಾನ್ಯತೆ ಪಡೆಯಿತು. ಅದರಲ್ಲಿ ಡಬ್ಲ್ಯು ಒತ್ತಿದರೆ 'ಡ' ಬರುತ್ತದೆ, ಗಚ್ಚಿಬೌಲಿಯ ಪದ್ಧತಿಯಲ್ಲಿ 'ತ'. ಇಲ್ಲಿಯ ಟೈಪಿಸ್ಟ್ ಅಲ್ಲಿಯ ಲ್ಯಾಬಿಗೆ ಹೋಗಿ ಕೂತರೆ 'ಡಬ್ಬ'ದ 'ಡ' ಹೊಡೆದದ್ದು 'ತ' ಆಗುತ್ತಿತ್ತು!

ಹೈದರಾಬಾದಿನಲ್ಲಿ ಇನ್ನೊಂದು ಲಿಂಗಂಪಲ್ಲಿಯಿದೆ, ಕಾಚಿಗೂಡದ ಹತ್ತಿರ. ಆ ಭಾಗದ ನೃಪತುಂಗ ವಿದ್ಯಾಸಂಸ್ಥೆ, ಕರ್ನಾಟಕ ಸಾಹಿತ್ಯ ಮಂದಿರಗಳು ಹೈದರಾಬಾದ್ ಕನ್ನಡಿಗರ ಹಳೆಯ ಆಸರೆ. ಕನ್ನಡ ಪುಸ್ತಕ ಹುಡುಕುವವರು ಆ ಲಿಂಗಂಪಲ್ಲಿಗೂ ಕೆಲಸ ಹುಡುಕುವವರು ಈ ಲಿಂಗಂಪಲ್ಲಿಗೂ ಹೋಗುವುದು ಆ ಊರಿನ ರೂಢಿ.

ಕೆಲಸದ ವಿಷಯಕ್ಕೆ ಬಂದರೆ 1990ರ ದಶಕದ ಕೊನೆ ವೈ2ಕೆ ಕಾಲ. 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟಿಸಿದಾಗ ಆಂಧ್ರದಾದ್ಯಂತ ಹುಡುಗರು ಕೋಬಾಲ್ ಕಲಿಯುತ್ತಿದ್ದರು. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್‌ಗಳಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟಿದ್ದರು. 00 ಬಂದರೆ 1900 ಎಂದುಕೊಂಡು ಲೆಕ್ಕ ತಲೆಕೆಳಗಾಗುವ ಭಯ. ಅಮೀರ್‌ಪೇಟೆಯ ಮೈತ್ರಿವನಂ ಸುತ್ತಮುತ್ತ ಗೋಡೆ ಕಾಣದಷ್ಟು ಕೋಚಿಂಗ್ ಬೋರ್ಡುಗಳು ಎದ್ದವು. ಅಲ್ಲಿ ಕಲಿಸುತ್ತಿದ್ದ ಎಡಿಟರ್ ಐಬಿಎಂನ ಐಎಸ್‌ಪಿಎಫ್. ಕಪ್ಪು ಪರದೆ, ಹಸಿರು ಅಕ್ಷರ.

ಐಎಸ್‌ಪಿಎಫ್ ಬಳಸಿದವರು ಇಂದಿಗೂ ಅದನ್ನು ಮರೆಯುವುದಿಲ್ಲ. ಪ್ರತಿ ಸಾಲಿನ ಎಡಕ್ಕೂ ಆರು ಅಂಕಿಯ ಸಂಖ್ಯೆ. ಆ ಸಂಖ್ಯೆಯ ಮೇಲೆಯೇ ಆಜ್ಞೆ ಬರೆಯಬೇಕು. ಸಾಲು ಅಳಿಸಲು ಡಿ, ಮರುಕಳಿಸಲು ಆರ್. ಇಪ್ಪತ್ತು ಸಾಲು ನಕಲು ಮಾಡಬೇಕಾದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಸಿಸಿ, ಎಲ್ಲಿ ಇಳಿಸಬೇಕೋ ಅಲ್ಲಿ ಎ. ಎಂಟರ್ ಒತ್ತುವ ತನಕ ಏನೂ ಆಗುವುದಿಲ್ಲ. ಒತ್ತಿದೊಡನೆ ಇಡೀ ಪರದೆ ಒಮ್ಮೆಗೇ ಬದಲಾಗುತ್ತದೆ. ಐಬಿಎಂ 3270 ಟರ್ಮಿನಲ್ ಪ್ರತಿ ಅಕ್ಷರವನ್ನೂ ದೊಡ್ಡ ಯಂತ್ರಕ್ಕೆ ಕಳಿಸುತ್ತ ಕೂರುವುದಿಲ್ಲ, ಪುಟವನ್ನು ತುಂಬಿ ಒಟ್ಟಿಗೆ ಕಳಿಸುತ್ತದೆ. ಯಂತ್ರ ಸಮುದ್ರದಾಚೆ, ಪರದೆ ಹೈದರಾಬಾದಿನಲ್ಲಿ. ನಡುವಿನ ಲೈನು ದುಬಾರಿ, ನಿಧಾನ. ಇಂಥ ಸ್ಥಿತಿಗೆ 1970ರ ದಶಕದ ಆ ಹಳೇ ಪದ್ಧತಿ ಹೇಳಿ ಮಾಡಿಸಿದಂತಿತ್ತು. ಗಿರಾಕಿಯ ಯಂತ್ರ, ಗಿರಾಕಿಯ ಎಡಿಟರ್. ಹುಡುಗರು ಪಿಎಫ್7, ಪಿಎಫ್8 ಒತ್ತುತ್ತ ದಿನಾಂಕಗಳನ್ನು ಹುಡುಕಿ ಹುಡುಕಿ ನಾಲ್ಕು ಅಂಕಿ ಮಾಡಿದರು. 2000ದ ಜನವರಿ 1 ಅನಾಹುತವಿಲ್ಲದೆ ಕಳೆಯಿತು.

ಹಸಿರು ಪರದೆ ದುಡಿಮೆಯದಾದರೆ ನೀಲಿ ಪರದೆ ಓದಿನದು. ಭಾರತದ ಯಾವ ಕಾಲೇಜಿನ ಯಾವ ಕಂಪ್ಯೂಟರ್ ಲ್ಯಾಬಿಗೆ ಹೋದರೂ ಎರಡು ದಶಕ ಕಂಡದ್ದು ಟರ್ಬೊ ಸಿಯ ನೀಲಿ ಹಿನ್ನೆಲೆ, ಹಳದಿ ಅಕ್ಷರ. ಅದರ ವಂಶ ದೊಡ್ಡದು. ಬೋರ್ಲೆಂಡ್ ಕಂಪನಿ 1983ರಲ್ಲಿ 49.95 ಡಾಲರಿಗೆ ಮಾರಿದ ಟರ್ಬೊ ಪ್ಯಾಸ್ಕಲ್‌ನಲ್ಲಿ ಎಡಿಟರ್, ಕಂಪೈಲರ್ ಎರಡೂ ಒಂದೇ ಕಡೆ ಇದ್ದವು. ತಪ್ಪಾದ ಕೂಡಲೇ ಕರ್ಸರ್ ತಪ್ಪಿನ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಅದರ ಕೀಲಿ ಸಂಯೋಜನೆಗಳು ವರ್ಡ್‌ಸ್ಟಾರಿನವು: ಕಂಟ್ರೋಲ್-ಕೆ-ಬಿ ಎಂದರೆ ಭಾಗದ ಆರಂಭ, ಕಂಟ್ರೋಲ್-ಕೆ-ಕೆ ಎಂದರೆ ಅಂತ್ಯ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ವರ್ಡ್‌ಸ್ಟಾರ್ ಕಲಿತವನಿಗೆ ಪ್ರೋಗ್ರಾಮಿಂಗ್ ಎಡಿಟರ್ ಅರ್ಧ ಬಂದಂತೆಯೇ. 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ++.

ಆ ಎಡಿಟರ್ ಒಂದು ದೇಶದ ಪ್ರೋಗ್ರಾಮಿಂಗ್ ಅಭ್ಯಾಸವನ್ನೇ ತಿದ್ದಿದ ಬಗೆ ಸ್ವಾರಸ್ಯಕರ. ಕಂಟ್ರೋಲ್-ಎಫ್9 ಒತ್ತಿದರೆ ಪ್ರೋಗ್ರಾಮ್ ಓಡಿ, ಉತ್ತರ ಬರೆದು, ಕಣ್ಣು ಮಿಟುಕಿಸುವುದರೊಳಗೆ ಮತ್ತೆ ನೀಲಿ ಪರದೆ. ಉತ್ತರ ಕಾಣಬೇಕಾದರೆ ಆಲ್ಟ್-ಎಫ್5 ಒತ್ತಬೇಕು. ಅದನ್ನು ಹೇಳಿಕೊಡುವ ಬದಲು ಪ್ರೋಗ್ರಾಮಿನ ಕೊನೆಯಲ್ಲಿ 'ಗೆಟ್‌ಸಿಎಚ್' ಹಾಕಿ, ಒಂದು ಕೀಲಿ ಒತ್ತುವ ತನಕ ಪರದೆ ನಿಲ್ಲಲಿ ಎಂದರು. ಹಿಂದಿನ ಸಲದ ಉತ್ತರ ಅಳಿಯದೆ ಉಳಿಯುತ್ತಿತ್ತು, ಅದಕ್ಕೆ ಆರಂಭದಲ್ಲಿ 'ಸಿಎಲ್ಆರ್‌ಎಸ್‌ಸಿಆರ್' ಹಾಕಿ ಎಂದರು. ಎರಡೂ ಸಿ ಭಾಷೆಯ ಪ್ರಮಾಣಿತ ಭಾಗಗಳಲ್ಲ. ಬೋರ್ಲೆಂಡಿನ ಒಂದು ಪರದೆಯ ಅನನುಕೂಲಕ್ಕೆ ಕಟ್ಟಿದ ತೇಪೆಗಳು. ಆದರೆ ರೆಕಾರ್ಡ್ ಪುಸ್ತಕದಲ್ಲಿ, ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ, ಕಂಪ್ಯೂಟರೇ ಇಲ್ಲದ ಕಡೆ ಪೆನ್ನಿನಲ್ಲಿ ಬರೆದ ಪ್ರೋಗ್ರಾಮಿನಲ್ಲೂ ಅವು ತಪ್ಪದೆ ಹಾಜರು. ಬರೆಯದಿದ್ದರೆ ಮಾರ್ಕು ಹೋಗುವ ಭಯ!

ಯಶವಂತ ಕಾನೇಟ್ಕರರ 'ಲೆಟ್ ಅಸ್ ಸಿ'ಯಂಥ ಪುಸ್ತಕಗಳ ಆರಂಭದ ಆವೃತ್ತಿಗಳು ಟರ್ಬೊ ಸಿಯನ್ನೇ ಎದುರಿಗಿಟ್ಟುಕೊಂಡವು. ಸಿಬಿಎಸ್ಇ ಶಾಲೆಗಳಲ್ಲೂ ಕರ್ನಾಟಕದ ಪಿಯುಸಿ ಲ್ಯಾಬುಗಳಲ್ಲೂ ಸಿ++ ಎಂದರೆ ಅದೇ ನೀಲಿ. ಸಿ++ಗೆ 1998ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂದು ಹೆಡರ್‌ಗಳ ಹೆಸರೇ ಬದಲಾಯಿತು, ಲ್ಯಾಬಿನ ಗೋಡೆಯ ಚಾರ್ಟು ಬದಲಾಗಲಿಲ್ಲ. 64 ಬಿಟ್ ವಿಂಡೋಸ್ 7 ಬಂದಾಗ 16 ಬಿಟ್ಟಿನ ಆ ತಂತ್ರಾಂಶ ಓಡುವುದನ್ನೇ ನಿಲ್ಲಿಸಿತು. ಆಗಲಾದರೂ ಬಿಡಬಹುದಿತ್ತು. ಡಾಸ್‌ಬಾಕ್ಸ್ ಎಂಬ, ಹಳೇ ವಿಡಿಯೊ ಗೇಮ್ ಆಡಲೆಂದು ಮಾಡಿದ ತಂತ್ರಾಂಶದೊಳಗೆ ಟರ್ಬೊ ಸಿಯನ್ನು ಕೂರಿಸಿ ಮುಂದುವರಿಸಿದರು. ಇದಕ್ಕೆ ಮೇಷ್ಟ್ರುಗಳನ್ನು ಬೈಯುವುದು ಸುಲಭ. ಸಿಲಬಸ್ ಬದಲಾಗದೆ ಲ್ಯಾಬ್ ಮ್ಯಾನ್ಯುಯಲ್ ಬದಲಾಗದು, ಮ್ಯಾನ್ಯುಯಲ್ ಬದಲಾಗದೆ ಎಕ್ಸ್‌ಟರ್ನಲ್ ಒಪ್ಪುವುದಿಲ್ಲ, ಎಕ್ಸ್‌ಟರ್ನಲ್ ಒಪ್ಪದಿದ್ದರೆ ಮಕ್ಕಳ ಮಾರ್ಕಿಗೆ ಕುತ್ತು. ಈ ಸರಪಳಿಯಲ್ಲಿ ಎಡಿಟರ್ ಯಾವುದಿರಬೇಕೆಂದು ನಿರ್ಧರಿಸುವ ಅಧಿಕಾರ ಇದ್ದವರು ಯಾರು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಕೊನೆಗೆ ಪೈಥಾನ್ ಪಠ್ಯಕ್ಕೆ ಬಂದ ಮೇಲಷ್ಟೇ ಸಿಬಿಎಸ್ಇಯಲ್ಲಿ ನೀಲಿ ಪರದೆ ಮರೆಯಾಯಿತು.

ಅಮೀರ್‌ಪೇಟೆಯ ಜಾವಾ ತರಗತಿಗಳ ರೀತಿ ಇನ್ನೊಂದು. ಅಲ್ಲಿ ನೋಟ್‌ಪ್ಯಾಡ್, ಇಲ್ಲವೇ ಕೊರಿಯಾದಿಂದ ಬಂದ ಎಡಿಟ್‌ಪ್ಲಸ್. ತಾನೇ ಪದ ತುಂಬಿಕೊಡುವ ಎಕ್ಲಿಪ್ಸ್ 2001ರಿಂದಲೇ ಪುಕ್ಕಟೆ ಸಿಗುತ್ತಿತ್ತು. ಕೋಚಿಂಗ್ ಮೇಷ್ಟ್ರು ಮುಟ್ಟಗೊಡುತ್ತಿರಲಿಲ್ಲ. ಇಂಟರ್‌ವ್ಯೂನಲ್ಲಿ ಬಿಳಿ ಹಾಳೆ ಕೊಟ್ಟು ಬರೆ ಎಂದಾಗ ಎಕ್ಲಿಪ್ಸ್ ಬಂದು ಹೇಳಿಕೊಡುತ್ತದೆಯೇ ಎಂಬುದು ಅವರ ವಾದ. ವಾದದಲ್ಲಿ ಹುರುಳಿತ್ತು. ನೂರಾರು ಜನ ಕೂತ ಹಾಲಿನಲ್ಲಿ ಬೋರ್ಡಿನ ಮೇಲಿರುವುದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದವರು ನೌಕರಿ ಹಿಡಿದರು. ನೌಕರಿಗೆ ಸೇರಿದ ಮೊದಲ ವಾರವೇ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಎಕ್ಲಿಪ್ಸ್ ಹಾಕಿ ಕೊಟ್ಟಿದ್ದರು.

ಮೈಕ್ರೊಸಾಫ್ಟ್ ತನ್ನ ಭಾರತೀಯ ಅಭಿವೃದ್ಧಿ ಕೇಂದ್ರವನ್ನು 1998ರಲ್ಲಿ ಹೈದರಾಬಾದಿನಲ್ಲೇ ತೆರೆಯಿತು. ಅಲ್ಲಿ ತಯಾರಾದ ವಿಷುವಲ್ ಜೆ# 2002ರಲ್ಲಿ ವಿಷುವಲ್ ಸ್ಟುಡಿಯೊ ಕುಟುಂಬಕ್ಕೆ ಸೇರಿತು. ಜಾವಾ ಬಲ್ಲವರನ್ನು ಡಾಟ್‌ನೆಟ್ ಕಡೆ ಕರೆತರಲು ಹಾಕಿದ ಸೇತುವೆ ಅದು. ದಾಟಿದವರು ಕಡಿಮೆ. 2005ರ ಆವೃತ್ತಿಯ ನಂತರ ಅದು ಮುಂದುವರಿಯಲಿಲ್ಲ. ಆದರೂ ಪ್ರೋಗ್ರಾಮರುಗಳ ಸಲಕರಣೆಯನ್ನು ಬಳಸುವ ಊರು ಅದನ್ನು ಕಟ್ಟುವ ಊರೂ ಆದದ್ದಕ್ಕೆ ಅದೊಂದು ಗುರುತು.

ಅದೇ ಮೈಕ್ರೊಸಾಫ್ಟಿನ, ಕಪ್ಪು ಪರದೆಯ ವಿಎಸ್ ಕೋಡ್ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅದರ ತಂಡಕ್ಕೆ ಜ್ಯೂರಿಕ್‌ನಿಂದ ನೇತೃತ್ವ ವಹಿಸಿದ ಎರಿಕ್ ಗಾಮಾ ಹಿಂದೆ ಎಕ್ಲಿಪ್ಸ್‌ನ ಜಾವಾ ಭಾಗದ ಮುಂದಾಳಾಗಿದ್ದವರು. ಮರುವರ್ಷ ಬಂದ 'ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್' ಹಳೇ ಜಗಳದ ಬುಡವನ್ನೇ ಅಲ್ಲಾಡಿಸಿತು. ಮೊದಲೆಲ್ಲ ಯಾವ ಎಡಿಟರಿಗೆ ಯಾವ ಭಾಷೆ ಚೆನ್ನಾಗಿ ಗೊತ್ತು ಎಂಬುದು ಆಯ್ಕೆಯ ಮುಖ್ಯ ಪ್ರಶ್ನೆ. ಈಗ ಭಾಷೆಯ ತಿಳಿವಳಿಕೆ ಪ್ರತ್ಯೇಕ ಪ್ರೋಗ್ರಾಮಿನಲ್ಲಿ ಇರುತ್ತದೆ, ಯಾವ ಎಡಿಟರ್ ಬೇಕಾದರೂ ಅದನ್ನು ಕೇಳಿ ಉತ್ತರ ಪಡೆಯಬಹುದು. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದು 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಸಲಹಿದ, ವಿಐ ವಂಶದ ವಿಮ್, 1976ರಿಂದ ಬಾಳಿಬಂದ ಎಮ್ಯಾಕ್ಸ್, ಎರಡಕ್ಕೂ ಇದರಿಂದ ಮರುಜೀವ ಬಂತು. ಅಂದರೆ ಯಂತ್ರ, ಗಿರಾಕಿ, ಸಿಲಬಸ್ ಯಾವುದರ ಹಂಗೂ ಇಲ್ಲದೆ ತನಗೆ ಬೇಕಾದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂದದ್ದೇ ಈಗ. ಬಂದ ಕೂಡಲೇ ಸುಮಾರು ಮುಕ್ಕಾಲು ಪಾಲು ಜನ ಒಂದೇ ಎಡಿಟರಿಗೆ ಹೋದರು: ಸ್ಟ್ಯಾಕ್ ಓವರ್‌ಫ್ಲೋ ನಡೆಸುವ ವಾರ್ಷಿಕ ಸಮೀಕ್ಷೆಯಲ್ಲಿ 2021ರಿಂದಲೂ ವಿಎಸ್ ಕೋಡ್ ಬಳಸುವವರು ಶೇಕಡ 70ಕ್ಕಿಂತ ಹೆಚ್ಚು.

ಕನ್ನಡದ ಮಟ್ಟಿಗೆ ಲೆಕ್ಕ ಇನ್ನೂ ತೀರಿಲ್ಲ. ಜಪಾನಿನ ಕೆನಿಚಿ ಹಾಂಡಾ ಅವರ ಬಹುಭಾಷಾ ಕೆಲಸ 1997ರಲ್ಲಿ ಎಮ್ಯಾಕ್ಸ್‌ನೊಳಗೆ ಸೇರಿತು. ಈಗ ಅದರಲ್ಲಿ ಕಂಟ್ರೋಲ್-ಎಚ್ ಒತ್ತಿ ಮತ್ತೆ ಎಚ್ ಒತ್ತಿದರೆ ಲೋಕದ ಭಾಷೆಗಳ ವಂದನೆಗಳ ಪಟ್ಟಿ ತೆರೆದುಕೊಳ್ಳುತ್ತದೆ, ಅದರಲ್ಲಿ 'ನಮಸ್ಕಾರ' ಕನ್ನಡದಲ್ಲೇ ಇದೆ. ಟರ್ಮಿನಲ್ಲಿನ ವಿಮ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರುವುದು, ಕರ್ಸರ್ ಎಲ್ಲಿದೆಯೆಂದು ತಿಳಿಯದಿರುವುದು ಮಾಮೂಲು. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಚೌಕ, 'ಸ್ತ್ರೀ' ಆ ಚೌಕದಲ್ಲಿ ಹಿಡಿಸುವುದಿಲ್ಲ.

ವಿಎಸ್ ಕೋಡ್‌ನ ತಕರಾರು ಇನ್ನೂ ನಾಜೂಕಿನದು. ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆಗಳನ್ನು ಸೇರಿಸಿ ಓದುವವರನ್ನು ಮೋಸಗೊಳಿಸುವ ದಾರಿಯೊಂದನ್ನು 2021ರ ಕೊನೆಗೆ ಸಂಶೋಧಕರು ತೋರಿಸಿಕೊಟ್ಟರು. ಅದರ ಬೆನ್ನಿಗೇ ಅಂಥ ಚಿಹ್ನೆ ಸಿಕ್ಕಲ್ಲಿ ಚೌಕಟ್ಟು ಹಾಕಿ ಎಚ್ಚರಿಸುವ ವ್ಯವಸ್ಥೆ ಆ ಎಡಿಟರಿಗೆ ಬಂತು. ಕನ್ನಡದಲ್ಲಿ 'ಸಾಫ್ಟ್‌ವೇರ್' ಎಂದು ಬರೆಯಬೇಕಾದರೆ 'ವೇ' ಹಿಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ನಡುವೆ ಒಂದು ಕಾಣದ ಚಿಹ್ನೆ ಇಡಲೇಬೇಕು. ಹೀಗಾಗಿ ಕನ್ನಡ ಆ್ಯಪ್ ಮಾಡುವವರು ತಮ್ಮ ಕಡತ ತೆರೆದರೆ ಸಾಫ್ಟ್‌ವೇರ್, ಹಾರ್ಡ್‌ವೇರ್, ಟೈಮ್‌ಟೇಬಲ್ ಎಂಬ ಪದಗಳ ನಡುವೆಯೇ ಅನುಮಾನದ ಚೌಕಟ್ಟು ಕಾಣಬಹುದು. ಸೆಟ್ಟಿಂಗ್ಸ್‌ನಲ್ಲಿ 'ಯುನಿಕೋಡ್ ಹೈಲೈಟ್' ಎಂದು ಹುಡುಕಿದರೆ ಅದನ್ನು ನಿಲ್ಲಿಸುವ ಆಯ್ಕೆ ಸಿಗುತ್ತದೆ.